ಬಾಣದ ಕೆಲಸ

ಪೆರಡಾಲದ ಶಾಲೆಯ ಹಿಂದೆ, ಗೇರುಬೀಜದ ಗೋದಾಮಿನಲ್ಲಿ
ತ್ಯಾಂಪಣ್ಣ ಆಚಾರಿಯ ಗೊಂಬೆ ಮೇಳ.
ಹನ್ನೊಂದು ವರ್ಷದ ನನಗೆ ಅಲ್ಲಿ ಕೆಲಸ: ಬಾಣ.

ರಾಜರಿಗೆ, ರಕ್ಕಸರಿಗೆ, ಕುದುರೆಗೆ ಕೂಡ
ದೊಡ್ಡವರ ಕೈ.
ಬಾಣ ಎಳೆಯಲಿಕ್ಕೆ ಮಾತ್ರ
ಅಟ್ಟದ ಸಂದಿಯಲ್ಲಿ ಹಿಡಿಸುವ ಸಣ್ಣ ಮೈ ಬೇಕಿತ್ತು.

ನೀಲಿ ಬಳಿದ ಹಲಗೆಯ ಮೋಡ. ಅದರ ಹಿಂದೆ ರಕ್ಕಸ.
ಅವನು ಯಾರಿಗೂ ಕಾಣ; ಅವನಿಗೆ ಎಲ್ಲರೂ ಕಾಣುತ್ತಾರೆ.
ಅದೇ ಅವನ ಬಲ, ಉಳಿದದ್ದೆಲ್ಲ ಮೀಸೆ,
ಎನ್ನುತ್ತಿದ್ದ ತ್ಯಾಂಪಣ್ಣ, ಮೀಸೆಗೆ ಮಸಿ ಹಚ್ಚುತ್ತ.

ಮೋಡಕ್ಕೊಂದು ತೂತು, ಎಂಟಾಣೆಯಷ್ಟು.
ಕಣ್ಣಿಟ್ಟರೆ ಇಡೀ ರಣಭೂಮಿ,
ಅದರಾಚೆ ಪೆಟ್ರೋಮ್ಯಾಕ್ಸ್ ಬೆಳಕಲ್ಲಿ ಕಡ್ಲೆ ಜಗಿಯುವ ಊರು,
ಮುಂದಿನ ಸಾಲಲ್ಲಿ ನನ್ನ ಅಮ್ಮ, ತೂಕಡಿಸುತ್ತ.
ನಾನು ಅವಳನ್ನು ನೋಡಬಲ್ಲೆ, ಅವಳು ನನ್ನನ್ನಲ್ಲ.
ಮೊದಲ ಸಲ ಹೊಟ್ಟೆಯಲ್ಲಿ ಏನೋ ತಣ್ಣಗಾಯಿತು;
ಆಮೇಲೆ ಅಭ್ಯಾಸ.

ನೂಲಿನ ಬಾಣಕ್ಕೆ ಗುರಿ ತಪ್ಪುವ ಚಾಳಿ.
ಗಾಳಿ ಬಂದರೆ ರಾಜನ ಮೂಗಿಗೆ, ಇಲ್ಲ ಪರದೆಗೆ.
ಒಂದು ದಿನ ತ್ಯಾಂಪಣ್ಣ ಕುಂಬಳೆಯ ಗುಜರಿಯಿಂದ
ಸತ್ತ ರೇಡಿಯೋ ತಂದ,
ಸ್ಪೀಕರ್ ಬಗೆದು ಅಯಸ್ಕಾಂತ ತೆಗೆದ.
ಅದರ ಚೂರೊಂದು ಬಾಣದ ಮೂತಿಗೆ;
ರಾಜಕುಮಾರನ ಎದೆಯೊಳಗೆ, ಜರಿಯ ಮರೆಯಲ್ಲಿ,
ಎತ್ತಿನ ಲಾಳದ ತುಂಡು.
'ಇನ್ನು ನೀನು ಹತ್ತಿರ ಬಿಟ್ಟರೆ ಸಾಕು, ಮಾರಾಯ.
ಉಳಿದ ಗೇಣು ಅದೇ ಹುಡುಕಿಕೊಳ್ಳುತ್ತದೆ.'

ಹುಡುಕಿಕೊಂಡಿತು.
ಗಾಳಿಯಲ್ಲಿ ತಡವರಿಸಿ, ಕುತ್ತಿಗೆ ಹೊರಳಿಸಿ,
ಟಕ್.
ಸೇರಿದವರ ಉಸಿರು ಒಮ್ಮೆಗೇ ಒಳಗೆ ಹೋದದ್ದು
ತೂತಿನಲ್ಲಿ ನನಗೆ ಕೇಳಿಸಿತು.
ಬಾಣಕ್ಕೆ ಜೀವ ಬಂದಿದೆ ಅಂದರು. ಮಂತ್ರ ಅಂದರು.
ತ್ಯಾಂಪಣ್ಣ ಬೀಡಿ ಹಚ್ಚಿ ಹೌದು ಅಂದ.

ಅಡೂರಿನ ಆಟದ ರಾತ್ರಿ ಅದು ದಾರಿ ಬಿಟ್ಟಿತು.
ಹಾಸ್ಯದ ಗೊಂಬೆ, ಹಾಳೆ ಮುಟ್ಟಾಳೆಯದು,
ಯುದ್ಧಕ್ಕೆ ಬಂದದ್ದಲ್ಲ, ರಾಜಕುಮಾರನಿಗೆ ನೀರು ತಂದದ್ದು.
ಹಿಂದಿನ ವಾರ ಮುರಿದ ಅದರ ಕುತ್ತಿಗೆಗೆ
ಯಾರೋ ಮೂರಿಂಚಿನ ಮೊಳೆ ಹೊಡೆದಿದ್ದರು.
ಟಕ್.
ಊರು ಬಿದ್ದು ಬಿದ್ದು ನಕ್ಕಿತು.
ಭಾಗವತರು ಅರೆಗಳಿಗೆ ತಡೆದು
ಸಾಯುವ ವೀರರಿಗೆ ಹಾಡುವ ಪದವನ್ನೇ
ಅದಕ್ಕೂ ಹಾಡಿದರು. ಇನ್ನೂ ನಗು.
ನಾನೂ, ಮೋಡ ಅಲುಗುವಷ್ಟು.

ಈಗ ನನಗೆ ಅರುವತ್ತೆರಡು.
ಪಕ್ಕದ ಮನೆ ಬೀಪಾತುಮ್ಮನ ಹಸೈನಾರ್
ಕೊಲ್ಲಿಯ ಯಾವುದೋ ಬಂದರಿನಲ್ಲಿ ಕ್ರೇನ್ ಓಡಿಸುತ್ತಾನೆ.
ನಿನ್ನೆ ಫೋನ್ ಮಾಡಿದ, ಬದುಕಿದ್ದೇನೆ ಅನ್ನಲಿಕ್ಕೆ.
ಮೊದಲು ಮೊಪೆಡ್ ಒಂದು ಏರು ಹತ್ತುವ ಸದ್ದಂತೆ.
ಗೋದಾಮಿನ ಮೇಲೆ ಬಂದು ಅದು
ಯೋಚಿಸಿದ ಹಾಗೆ ಕಂಡಿತಂತೆ.
ಆಮೇಲೆ ಕುತ್ತಿಗೆ ಹೊರಳಿಸಿ,
ಎಣ್ಣೆಯ ಟ್ಯಾಂಕುಗಳನ್ನು ಬಿಟ್ಟು, ಅಡುಗೆಯ ಶೆಡ್ಡಿಗೆ ಇಳಿಯಿತು.
ತಗಡಿಗೋ, ಒಲೆಯ ಬಿಸಿಗೋ, ಯಾರಿಗೆ ಗೊತ್ತು.
ಅಡುಗೆಯವ ನೇಪಾಳದವನು.
ಬಡಿಸುವಾಗ ಒಬ್ಬೊಬ್ಬರ ನಡಿಗೆಯನ್ನೂ
ಅಣಕಿಸಿ ತೋರಿಸುತ್ತಿದ್ದನಂತೆ, ಹಸೈನಾರನದ್ದನ್ನೂ.

'ಅದನ್ನು ಬಿಟ್ಟವ ಎಲ್ಲಿದ್ದ?' ಕೇಳಿದೆ.
'ಕಾಣಲಿಲ್ಲ ಅಣ್ಣ. ಮೋಡವೂ ಇರಲಿಲ್ಲ.'

ಅಯಸ್ಕಾಂತದ ಉಳಿದ ತುಂಡು ಬೀಪಾತುಮ್ಮನ ಬಳಿ ಉಂಟು.
ನಾನೇ ಕೊಟ್ಟದ್ದು, ಮೇಳ ಮುಚ್ಚಿದ ವರ್ಷ.
ಹೊಲಿಗೆ ಮುಗಿಸಿ ಆಕೆ ಅದನ್ನು ನೆಲದ ಮೇಲೆ ಸುಳಿಸುತ್ತಾಳೆ.
ಕಾವಿ ನೆಲದ ಬಿರುಕುಗಳಿಂದ
ಸೂಜಿ, ಗುಂಡುಪಿನ್ನು, ಯಾವುದೋ ರವಿಕೆಯ ಕೊಕ್ಕೆ
ಎದ್ದು ಹಾರುತ್ತವೆ.
ಇವತ್ತು ಅದನ್ನು ನನ್ನ ಕೈಗೆ ಕೊಟ್ಟಳು:
'ಅತ್ತು ಅತ್ತು ಕಣ್ಣು ಮಂಜು. ನೀನೇ ಹೆಕ್ಕಿ ಕೊಡು.'

ಹೆಕ್ಕುತ್ತಿದ್ದೇನೆ.
ಟಕ್.
ಟಕ್.
ಎಷ್ಟು ಹತ್ತಿರಕ್ಕೆ ಬಿಟ್ಟರೆ ಸಾಕು ಅಂತ
ನನ್ನ ಕೈಗೆ ಇನ್ನೂ ಗೊತ್ತುಂಟು.